ಟಿಕೆಟ್ ಸಿಗದವರ ಹಿಂದೆ ಹೋದ ಸಂಶೋಧನೆ

ಸರ್ವಾಧಿಕಾರ ಇರುವ ಕಡೆ ನಡೆಯುವ ಚುನಾವಣೆಗಳ ಮೇಲೆ ಸಂಶೋಧನೆ ಮಾಡುತ್ತೇನೆ ಎಂದರೆ ಎಲ್ಲರೂ ಕೇಳುವುದು ಒಂದೇ: ಗೆಲ್ಲುವವರು ಯಾರು ಅಂತ ಮೊದಲೇ ಗೊತ್ತಲ್ವಾ, ಅದರಲ್ಲಿ ನೋಡೋಕೆ ಏನಿದೆ?

ನನಗೆ ದಾರಿ ತೋರಿಸಿದ್ದು ಮೆಕ್ಸಿಕೊ. 1976ರ ಅಧ್ಯಕ್ಷ ಚುನಾವಣೆಯಲ್ಲಿ ಅಲ್ಲಿ ನೋಂದಾಯಿತ ಅಭ್ಯರ್ಥಿ ಇದ್ದದ್ದು ಒಬ್ಬರೇ, ಆಳುವ ಪಿಆರ್‌ಐ ಪಕ್ಷದ ಲೋಪೆಸ್ ಪೋರ್ತಿಯೊ. ಆದರೂ ಅವರು ದೇಶವೆಲ್ಲ ಸುತ್ತಿ ಪ್ರಚಾರ ಮಾಡಿದರು. ಯಾರಿಗೆ ತೋರಿಸೋಕೆ? ಮತದಾರರಿಗಿಂತ ಜಾಸ್ತಿ ತಮ್ಮದೇ ಪಕ್ಷದವರಿಗೆ ಎಂದು ನನಗೆ ಅನ್ನಿಸುತ್ತದೆ. ಬಿಟ್ಟು ಹೋದರೆ ನಿಮಗೆ ಎಲ್ಲೂ ನೆಲೆಯಿಲ್ಲ ಎಂದು ಒಳಗಿನವರಿಗೆ ಮನವರಿಕೆ ಮಾಡಬೇಕಿತ್ತು.

ಹಾಗಾಗಿ ಗೆದ್ದವರನ್ನು ಬಿಟ್ಟು ಟಿಕೆಟ್ ಸಿಗದವರ ಹಿಂದೆ ಹೋದೆ. ಆಳುವ ಪಕ್ಷದ ಅಭ್ಯರ್ಥಿಗಳ ಪಟ್ಟಿಗಳನ್ನು, ಒಂದು ಚುನಾವಣೆಯದು ಇನ್ನೊಂದರದು ಅಂತ, ಪಕ್ಕಪಕ್ಕ ಇಟ್ಟುಕೊಂಡು, ಯಾರ ಹೆಸರು ಬಿಟ್ಟುಹೋಯಿತು, ಅವರಿಗೆ ಬೇರೆ ಯಾವುದಾದರೂ ಕುರ್ಚಿ ಸಿಕ್ಕಿತಾ, ಪಕ್ಷೇತರರಾಗಿ ನಿಂತರಾ, ಇಲ್ಲ ಸುಮ್ನೆ ಮನೆ ಸೇರಿದರಾ ಎಂದು ಒಬ್ಬೊಬ್ಬರನ್ನೇ ಹುಡುಕಿದೆ. ಬೇಜಾರಿನ ಕೆಲಸ. ಒಂದೇ ಹೆಸರನ್ನು ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರೆ, ಅಪ್ಪನ ಹೆಸರು, ಹುಟ್ಟಿದ ವರ್ಷ ನೋಡಿ ತಾಳೆ ಹಾಕಬೇಕು. ಸರ್ಕಾರಿ ಪತ್ರಿಕೆಗಳನ್ನೂ ಸುಳ್ಳು ಎಂದು ಪಕ್ಕಕ್ಕಿಡಬೇಡಿ. ವರದಿ ಸುಳ್ಳಿರಬಹುದು, ಆದರೆ ವೇದಿಕೆಯ ಮುಂದಿನ ಸಾಲಿನಲ್ಲಿ ಯಾರಿದ್ದರು, ಮುಂದಿನ ತಿಂಗಳು ಯಾರ ಹೆಸರು ಕಾಣೆಯಾಯಿತು ಎಂಬುದು ಅದರಲ್ಲೇ ಸಿಗುತ್ತದೆ.

ಹೀಗೆ ನೋಡಿದಾಗ ಬೇರೆ ಬೇರೆ ದೇಶಗಳ ಕಥೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ: ಆಳುವವರಿಗೆ ಪೆಟ್ಟು ಕೊಟ್ಟವರು ಒಳಗಿನಿಂದ ಹೊರಬಂದವರೇ. ಮೆಕ್ಸಿಕೊದಲ್ಲಿ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ರೀತಿಗೆ ಎದುರು ನಿಂತು, ಆಳುವ ಪಕ್ಷದ ನಾಯಕರೇ ಆಗಿದ್ದ ಕಾರ್ದೆನಾಸ್ ಪಿಆರ್‌ಐ ಬಿಟ್ಟರು. 1988ರಲ್ಲಿ ಅವರು ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಎಣಿಕೆಯ ರಾತ್ರಿಯೇ ಕಂಪ್ಯೂಟರ್ ವ್ಯವಸ್ಥೆ ಕೆಟ್ಟಿತು ಎಂದು ಸರ್ಕಾರ ಹೇಳಬೇಕಾಯಿತು. ಕೀನ್ಯಾದಲ್ಲಿ 2002ರಲ್ಲಿ ಅಧ್ಯಕ್ಷ ಮೊಯಿ ತಾವೇ ಉತ್ತರಾಧಿಕಾರಿಯನ್ನು ಆರಿಸಿದರು. ರೈಲಾ ಒಡಿಂಗಾ ಮುಂತಾದ ನಾಯಕರು ಪಕ್ಷದಿಂದ ಹೊರನಡೆದರು, ಸ್ವಾತಂತ್ರ್ಯ ಬಂದಾಗಿನಿಂದ ಆಳುತ್ತಿದ್ದ ಕಾನು ಪಕ್ಷ ಸೋತಿತು. ಮಲೇಷ್ಯಾದ ಆಳುವ ಮೈತ್ರಿಕೂಟಕ್ಕೆ 2013ರಲ್ಲಿ ಸುಮಾರು ಶೇ. 47 ಮತ ಬಂದರೂ 222ರಲ್ಲಿ 133 ಸೀಟು ಸಿಕ್ಕಿತ್ತು, ಕ್ಷೇತ್ರಗಳ ಗಡಿ ಹಾಗಿತ್ತು. ಅಂಥ ಕೂಟವನ್ನು 2018ರಲ್ಲಿ ಸೋಲಿಸಿದ ವಿರೋಧಪಕ್ಷಗಳ ನಾಯಕ ಮಹತೀರ್, ಅದೇ ಕೂಟದಿಂದ ಪ್ರಧಾನಿಯಾಗಿದ್ದವರು.

ಸಂದರ್ಶನದ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. ರಾಜಕೀಯ ಬಿಟ್ಟ ಹಿರಿಯರಿಂದ ಶುರು ಮಾಡಿದೆ. ರೆಕಾರ್ಡರ್ ಇಡಲಿಲ್ಲ, ಟಿಪ್ಪಣಿಯಲ್ಲಿ ಹೆಸರು ಬರೆಯಲಿಲ್ಲ. ಯಾರಿಗೆ ಮತ ಹಾಕಿದಿರಿ ಎಂದು ಕೇಳಲೇ ಇಲ್ಲ, ನಿಮ್ಮ ಕಡೆ ಟಿಕೆಟ್ ಯಾರ ಕೈಲಿತ್ತು ಎಂದಷ್ಟೇ ಕೇಳಿದೆ. ನಾವು ವಾಪಸ್ ಬಂದುಬಿಡುತ್ತೇವೆ, ಮಾತಾಡಿದವರು, ಜೊತೆಗೆ ಓಡಾಡಿದ ಸಹಾಯಕರು ಅಲ್ಲೇ ಬದುಕಬೇಕು. ಸಿಕ್ಕ ಎಷ್ಟೋ ಒಳ್ಳೆಯ ಮಾತುಗಳನ್ನು ನಾನು ಪ್ರಬಂಧದಲ್ಲಿ ಹಾಕಲಿಲ್ಲ, ಊರಿನ ಹೆಸರು ಹೇಳಿದರೆ ಸಾಕು, ಹೇಳಿದವರು ಯಾರೆಂದು ಪಕ್ಷದವರಿಗೆ ಗೊತ್ತಾಗುತ್ತಿತ್ತು.