ಪುಟ್ಟ ಸಿಪಾಯಿಯ ಕಾಲಡಿಗೆ ಕಾವೇರಿ ದಡದ ನೆಲ

ಚೆಂದವಾಗಿ ಬಣ್ಣ ಹಚ್ಚಿದ ಸೈನಿಕನ ಗೊಂಬೆಯನ್ನು ಬರೀ ಕಪ್ಪು ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ನಿಲ್ಲಿಸಿದರೆ ಕೆಲಸ ಅರ್ಧಕ್ಕೇ ನಿಂತಂತೆ ಕಾಣುತ್ತದೆ. ಬಿಲ್ಲೆಯ ಮೇಲೆ ಮಣ್ಣು, ಕಲ್ಲು, ಹುಲ್ಲು ಕೂರಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಒಣಗುವುದಕ್ಕೆ ಮಾತ್ರ ಎರಡು ರಾತ್ರಿ ಬಿಡಬೇಕು. ಅಂಟಿನ ಡಬ್ಬಿ ತೆರೆಯುವ ಮೊದಲೇ ಒಂದು ವಿಷಯ ತೀರ್ಮಾನವಾಗಿರಲಿ: ಇದು ಯಾವ ಊರಿನ ನೆಲ, ಯಾವ ತಿಂಗಳು?

ಇಲ್ಲಿ 1799ರ ಶ್ರೀರಂಗಪಟ್ಟಣ ಮುತ್ತಿಗೆಯ ಮೈಸೂರು ಸಿಪಾಯಿಯನ್ನು ತೆಗೆದುಕೊಳ್ಳೋಣ. ಗೊಂಬೆ 28 ಮಿ.ಮೀ. ಅಳತೆಯದು, ಬಿಲ್ಲೆ 25 ಮಿ.ಮೀ. ಅಗಲದ್ದು. ಕೋಟೆ ಬಿದ್ದದ್ದು ಮೇ 4ರಂದು. ಮುಂಗಾರಿಗೆ ಮುಂಚಿನ ದಿನಗಳು, ಕಾವೇರಿಯ ನೀರು ಇಳಿದು ಬಂಡೆಗಳು ಮೇಲೆದ್ದಿರುವ ಕಾಲ. ಹೀಗಾಗಿ ಅಂಗಡಿಯಲ್ಲಿ ಸಿಗುವ ಹಚ್ಚಹಸಿರು ಹುಲ್ಲು ಇಲ್ಲಿಗೆ ಒಗ್ಗುವುದೇ ಇಲ್ಲ. ಬೇಕಾದ್ದು ಬೂದು ಬಂಡೆ, ಮರಳು, ಕೆಂಪು ಬೆರೆತ ಮಣ್ಣು ಮತ್ತು ಒಣಹುಲ್ಲು.

ಮರಳು, ಬಂಡೆ

ಈ ಅಳತೆಯ ಗೊಂಬೆಗೆ 1 ಮಿ.ಮೀ. ಎಂದರೆ ನಿಜದ ಸುಮಾರು ಐದೂವರೆ ಸೆಂ.ಮೀ. ಬಹಳ ಮಂದಿ ಎಡವುವುದು ಇಲ್ಲೇ. ಮನೆ ಕಟ್ಟುವ ಜಾಗದಿಂದ ತಂದ ಎಂ–ಸ್ಯಾಂಡ್ ಹಾಗೆಯೇ ಸುರಿದರೆ ಅದರಲ್ಲಿನ 4 ಮಿ.ಮೀ. ಚೂರು ಸಿಪಾಯಿಯ ಮೊಣಕಾಲಿನ ಅರ್ಧದವರೆಗೆ ಬರುವ ಕಲ್ಲಾಗುತ್ತದೆ. ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿಯಿರಿ. ಕೆಳಗೆ ಬಿದ್ದ ನುಣುಪು ಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು ಬಿಸಿಲಿಗೆ ಒಣಗಿಸಿ. ತೊಳೆಯದಿದ್ದರೆ ಕಲ್ಲಿನ ಧೂಳು ಅಂಟನ್ನು ಹೀರಿಕೊಂಡು, ಮರಳು ಪದರವಾಗಿ ಎದ್ದು ಬರುತ್ತದೆ. ಜರಡಿಯಲ್ಲಿ ಉಳಿದ ದಪ್ಪ ಚೂರುಗಳಲ್ಲಿ ನಾಲ್ಕೈದನ್ನು ಎತ್ತಿಟ್ಟುಕೊಂಡರೆ ಒಂದು ಬಿಲ್ಲೆಗೆ ಸಾಕು.

ಬಂಡೆಗೆ ಕಾರ್ಕ್ ಹಾಳೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಕತ್ತರಿಸಬೇಡಿ, ಕೈಯಲ್ಲೇ ಮುರಿಯಿರಿ. ಮುರಿದ ಅಂಚೇ ಬಂಡೆಯ ಒರಟು ಮೈ. ಮರಳು ಹಾಕುವ ಮೊದಲೇ ಇದನ್ನು ಫೆವಿಕ್ವಿಕ್‌ನಿಂದ ಅಂಟಿಸಿದರೆ, ಆಮೇಲೆ ಬುಡಕ್ಕೆ ಮರಳು ಬಂದು ಬಂಡೆ ನೆಲದೊಳಗಿಂದ ಎದ್ದಂತೆ ಕಾಣುತ್ತದೆ. ಬಿಲ್ಲೆಯ ನಟ್ಟನಡುವೆ ಇಡದೆ ಒಂದು ಪಕ್ಕಕ್ಕೆ ಇಡಿ.

ಗೊಂಬೆ ಅಂಟಿದೆಯೋ, ಬಿಡಿಯಾಗಿದೆಯೋ?

ಬಿಡಿಯಾಗಿದ್ದರೆ ನೆಲವನ್ನು ಬೇರೆಯಾಗಿ ಮಾಡಿ, ಕೊನೆಗೆ ಗೊಂಬೆ ನಿಲ್ಲಿಸಿ. ಅದೇ ಒಳ್ಳೆಯ ದಾರಿ. ಒಂದು ಕಾಲಿನ ಅಡಿಗೆ 1 ಮಿ.ಮೀ. ಕೈಡ್ರಿಲ್‌ನಿಂದ ತೂತು ಕೊರೆದು, ಪೇಪರ್ ಕ್ಲಿಪ್‌ನ ತಂತಿ ಸಿಗಿಸಿ, 5 ಮಿ.ಮೀ. ಹೊರಗೆ ಬಿಡಿ. ಬಿಲ್ಲೆಯಲ್ಲೂ ಅದಕ್ಕೊಂದು ತೂತು ಬೇಕು. ಕೂರಿಸುವಾಗ ಫೆವಿಕ್ವಿಕ್ ಒಂದೇ ಹನಿ ಸಾಕು, ಗಾಳಿಯಾಡುವ ಕಡೆ ಒಣಗಲಿ. ಕೂಡಲೇ ಡಬ್ಬಿಯಲ್ಲಿ ಮುಚ್ಚಿಟ್ಟರೆ ಅದರ ಆವಿ ಬಣ್ಣದ ಮೇಲೆ ಬೂದಿಯಂತೆ ಬೆಳ್ಳಗೆ ಕೂರುತ್ತದೆ.

ಗೊಂಬೆ ಆಗಲೇ ಅಂಟಿದ್ದರೆ ನಲ್ಲಿ ರಿಪೇರಿಯ ಟೆಫ್ಲಾನ್ ಟೇಪನ್ನು ಪಾದದಿಂದ ಮೊಣಕಾಲಿನವರೆಗೆ ಸುತ್ತಿ. ಅದಕ್ಕೆ ಅಂಟಿಲ್ಲ, ಆದ್ದರಿಂದ ಬಣ್ಣ ಕೀಳುವ ಭಯವಿಲ್ಲ.

ಅಂಟು ಮತ್ತು ಗಟ್ಟಿ ಮಾಡುವುದು

ಮೂರು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು. ದಪ್ಪವಾದರೆ ಮರಳು ಅಂಟಿನೊಳಗೆ ಮುಳುಗಿ ಒರಟುತನವೇ ಹೋಗುತ್ತದೆ. ತೆಳುವಾದರೆ ಅಂಚಿನಿಂದ ಇಳಿಯುತ್ತದೆ. ಹಳೆಯ ಬ್ರಶ್‌ನಲ್ಲಿ ಹಚ್ಚಿ, ಪಾದದ ಸುತ್ತ ಕಡ್ಡಿಯಿಂದ ತಳ್ಳಿ. ಮರಳು ಸುರಿದು ಒಂದು ನಿಮಿಷ ಬಿಟ್ಟು ತಲೆಕೆಳಗು ಮಾಡಿ ತಟ್ಟಿ. ಅಂಚನ್ನು ಒದ್ದೆ ಬೆರಳಿನಿಂದ ಒರೆಸಿ. ರಾತ್ರಿಯಿಡೀ ಒಣಗಲಿ, ಮಳೆಗಾಲದಲ್ಲಿ ಪೂರ್ತಿ ಒಂದು ದಿನ.

ಮುಂದಿನ ಹಂತವನ್ನು ಬಿಡಲೇಬೇಡಿ. ಫೆವಿಕಾಲ್ ಒಣಗಿದ ಮೇಲೂ ನೀರು ತಾಗಿದರೆ ಮೆತ್ತಗಾಗುತ್ತದೆ, ತೆಳು ಬಣ್ಣ ಹಚ್ಚುವಾಗ ಮರಳು ಬ್ರಶ್‌ಗೇ ಹತ್ತಿ ಬರುತ್ತದೆ. ಒಂದು ಪಾಲು ಫೆವಿಕಾಲ್, ಎರಡು ಪಾಲು ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರೆಸಿ, ಬ್ರಶ್ ತುದಿಯಿಂದ ಮರಳಿನ ಮೇಲೆ ಹನಿಹನಿಯಾಗಿ ಬಿಡಿ, ಉಜ್ಜಬೇಡಿ. ಲಿಕ್ವಿಡ್ ಇಲ್ಲದಿದ್ದರೆ ಹನಿ ಮೇಲೆಯೇ ಗುಂಡಗೆ ನಿಲ್ಲುತ್ತದೆ, ಒಳಗಿಳಿಯುವುದಿಲ್ಲ. ಇನ್ನೊಂದು ರಾತ್ರಿ ಒಣಗಲಿ.

ಪ್ಲಾಸ್ಟಿಕ್ ಬದಲು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಿಲ್ಲೆಯಾದರೆ ಇಷ್ಟೂ ನೀರಿಗೆ ಸೊಟ್ಟಗಾಗುತ್ತದೆ. ಮೊದಲೇ ಎರಡೂ ಬದಿಗೆ ಪ್ರೈಮರ್ ಹಚ್ಚಿ.

ಬಣ್ಣ

ಗಾಢ ಕಂದಿನ ಅಕ್ರಿಲಿಕ್ ಬರ್ಂಟ್ ಅಂಬರ್‌ಗೆ ಅಷ್ಟೇ ನೀರು ಬೆರೆಸಿ ಮರಳಿಗೆಲ್ಲ ಹರಿಯಬಿಡಿ. ಬಂಡೆಗೆ ಗಾಢ ಬೂದು. ಒಣಗಿದ ಮೇಲೆ ಡ್ರೈಬ್ರಶ್. ಚಪ್ಪಟೆ ಬ್ರಶ್‌ಗೆ ಬಣ್ಣ ತಾಗಿಸಿ, ಟಿಶ್ಯೂ ಮೇಲೆ ಗುರುತು ಬೀಳುವುದು ನಿಲ್ಲುವವರೆಗೆ ಒರೆಸಿ, ಕಣಗಳ ತಲೆ ಮಾತ್ರ ಸವರುವಂತೆ ಆಡಿಸಿ. ಬ್ರಶ್‌ನಲ್ಲಿ ನೀರಿನ ಪಸೆ ಇದ್ದರೆ ಬಣ್ಣ ಸಂದಿಗೆ ಇಳಿದು ಎಲ್ಲವೂ ಒಂದೇ ಕೆಸರು ಬಣ್ಣವಾಗುತ್ತದೆ. ಮೊದಲು ಕೆಂಗಂದು ಬಣ್ಣದ ಬರ್ಂಟ್ ಸಿಯೆನ್ನಾಗೆ ಮಣ್ಣಿನ ಹಳದಿಯ ಯೆಲ್ಲೋ ಓಕರ್ ಬೆರೆಸಿ, ಆಮೇಲೆ ಓಕರ್‌ಗೆ ತುಸು ಬಿಳಿ ಬೆರೆಸಿ. ಬರೀ ಸಿಯೆನ್ನಾ ಹಚ್ಚಿದರೆ ನೆಲ ಮಲೆನಾಡಿನ ಜಂಬಿಟ್ಟಿಗೆಯಂತೆ ಕಾಣುತ್ತದೆ. ಬಂಡೆಗೂ ತಿಳಿ ಬೂದು ಬಣ್ಣದಲ್ಲಿ ಹೀಗೆಯೇ ಡ್ರೈಬ್ರಶ್ ಮಾಡಿ, ಕೊನೆಯ ಒಂದೆರಡು ಎಳೆಯನ್ನು ಮಣ್ಣಿನ ಮೇಲೂ ಸವರಿ. ಎರಡೂ ಒಂದೇ ಬಿಸಿಲಿನಲ್ಲಿರುವಂತೆ ಹೊಂದುತ್ತವೆ.

ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹೊಡೆಯುವುದು ಹುಲ್ಲಿಗೆ ಮೊದಲು. ಆಮೇಲೆ ಹೊಡೆದರೆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತೇವದ ದಿನ ಸ್ಪ್ರೇ ಬೇಡ, ಹಾಲಿನಂತೆ ಮಬ್ಬು ಕಟ್ಟುತ್ತದೆ.

ಹುಲ್ಲು

ಒಣಹುಲ್ಲಿನ ಬಣ್ಣದ 2 ಮಿ.ಮೀ. ಮತ್ತು 4 ಮಿ.ಮೀ. ಸ್ಟ್ಯಾಟಿಕ್ ಗ್ರಾಸ್ (ಮಾದರಿಗಳಿಗೆ ಬಳಸುವ ಸಣ್ಣ ಎಳೆಗಳ ಕೃತಕ ಹುಲ್ಲು) ಬೆರೆಸಿಕೊಳ್ಳಿ. ಸಿಗದಿದ್ದರೆ ತೆಂಗಿನ ನಾರು ಕತ್ತರಿಸಿ ಚಿಕ್ಕ ಕುಚ್ಚು ಕಟ್ಟಿದರೂ ನಡೆಯುತ್ತದೆ. ಬಂಡೆಯ ಬುಡದಲ್ಲಿ, ತೇವ ಉಳಿಯುವ ಕಡೆ, ನೀರು ಬೆರೆಸದ ಫೆವಿಕಾಲ್ ಚುಕ್ಕೆ ಇಟ್ಟು ಹುಲ್ಲು ಒತ್ತಿ, ಕೂಡಲೇ ಬಿಲ್ಲೆ ತಲೆಕೆಳಗು ಮಾಡಿ ಹಿಂಬದಿ ತಟ್ಟಿ. ಎಳೆಗಳು ನೆಟ್ಟಗಾಗುತ್ತವೆ. ಎರಡು ಮೂರು ಕಡೆಗಿಂತ ಹೆಚ್ಚು ಬೇಡ. ಬಿಲ್ಲೆ ತುಂಬ ಹಾಕಿದರೆ ಅಷ್ಟು ಕಷ್ಟಪಟ್ಟ ಮಣ್ಣೇ ಮುಚ್ಚಿಹೋಗುತ್ತದೆ.

ಕೊನೆಗೆ ಟೇಪ್ ಬಿಚ್ಚಿ, ಬಿಲ್ಲೆಯ ಅಂಚಿಗೆ ಗಾಢ ಕಂದು ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಿ. ಒಂದು ಪಡೆಯ ಎಲ್ಲ ಗೊಂಬೆಗಳಿಗೂ ಅಂಚಿನ ಬಣ್ಣ ಒಂದೇ ಇರಬೇಕು, ಆದ್ದರಿಂದ ಬೆರೆಸಿದ ಬಣ್ಣಕ್ಕಿಂತ ಟ್ಯೂಬಿನಿಂದ ನೇರವಾಗಿ ತೆಗೆದದ್ದೇ ಒಳ್ಳೆಯದು.