ಟ್ಯೂಬ್‌ಲೈಟಿನಡಿ ಹೋಸ್ಟಾ ಸಸಿ

ಹೋಸ್ಟಾ ಎಂದರೆ ಎಲೆಯ ಅಂದಕ್ಕಾಗಿಯೇ ಬೆಳೆಸುವ ಗಿಡ. ಮೆಚ್ಚಿದ ಹೋಸ್ಟಾ ಇನ್ನೊಂದು ಬೇಕೆಂದರೆ ಅದರ ಬುಡ ಸೀಳಿ ನೆಡಿ, ತಾಯಿಯ ಪಡಿಯಚ್ಚೇ ಸಿಗುತ್ತದೆ. ಬೀಜದಿಂದ ಬರುವ ಸಸಿ ಸಾಮಾನ್ಯವಾಗಿ ತಾಯಿಯನ್ನು ಹೋಲುವುದಿಲ್ಲ. ಹೆಚ್ಚಿನವು ಬರೀ ಹಸಿರು. ಆದರೂ ಟ್ರೇ ತುಂಬ ಬಿತ್ತುವುದು, ಏನು ಹುಟ್ಟೀತು ಎಂಬ ಕುತೂಹಲಕ್ಕೆ.

ಕಾಯಿ ಕಂದು ಬಣ್ಣಕ್ಕೆ ತಿರುಗಿ ಇನ್ನೇನು ಬಿರಿಯಬೇಕು ಎನ್ನುವಾಗ ಬಿಡಿಸಿ, ಕಾಗದದ ಲಕೋಟೆಯಲ್ಲಿ ಒಣಗಿಸಿ. ಬೀಜ ಕಪ್ಪಗೆ, ಚಪ್ಪಟೆಯಾಗಿ, ತೆಳು ರೆಕ್ಕೆಯೊಡನೆ ಇರುತ್ತದೆ. ರೆಕ್ಕೆಯ ಬುಡವನ್ನು ಬೆರಳಲ್ಲಿ ಒತ್ತಿ ನೋಡಿ. ಸಣ್ಣ ಉಬ್ಬು ತಾಕಿದರೆ ಗಟ್ಟಿ ಬೀಜ, ಕಾಗದದಂತೆ ಮಡಚಿಕೊಂಡರೆ ಜೊಳ್ಳು. ಬಿಳಚಿದ್ದನ್ನು ಎಸೆಯಿರಿ. ಫ್ರಿಜ್ಜಿನಲ್ಲಿಟ್ಟು ಚಳಿ ಕೊಡುವ ಅಗತ್ಯವಿಲ್ಲ.

ತಳದಲ್ಲಿ ತೂತಿರುವ ಟ್ರೇಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಮಿಶ್ರಣ ತುಂಬಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ತೇವ ಸಾಕು. ಬೀಜ ಚೆಲ್ಲಿ, ಮರೆಯಾಗುವಷ್ಟೇ ತೆಳುವಾಗಿ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಚೂರು) ಉದುರಿಸಿ, ಪಾರದರ್ಶಕ ಮುಚ್ಚಳ ಮುಚ್ಚಿ. ತಾಯಿಗಿಡದ ಹೆಸರಿನ ಚೀಟಿಯನ್ನು ಆಗಲೇ ಚುಚ್ಚಿಡಿ, ನಾಳೆ ನೆನಪಿರುವುದಿಲ್ಲ. 21ರಿಂದ 24 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಒಂದರಿಂದ ಮೂರು ವಾರದಲ್ಲಿ ಹುಲ್ಲಿನೆಳೆಯಂಥ ಮೊಳಕೆ, ತಲೆಯ ಮೇಲೆ ಕಪ್ಪು ಸಿಪ್ಪೆ ಹೊತ್ತು, ಬಾಗಿಕೊಂಡು ಏಳುತ್ತದೆ. ಸಿಪ್ಪೆ ಕೀಳಲು ಹೋಗಬೇಡಿ, ತಾನೇ ಉದುರುತ್ತದೆ.

ಮೊಳಕೆ ಕಂಡ ಕೂಡಲೇ ದೀಪ ಬೇಕು. ಹೋಸ್ಟಾ ನೆರಳಿನ ಗಿಡ, ಕಿಟಕಿಯ ಬೆಳಕೇ ಸಾಕೆಂದು ಅನ್ನಿಸುತ್ತದೆ. ಸಾಲದು, ಸಸಿ ಬಡಕಲಾಗಿ ಬೆಳಕಿನತ್ತ ವಾಲುತ್ತದೆ. ವಿಶೇಷ ನೇರಳೆ ದೀಪಕ್ಕೆ ದುಡ್ಡು ಸುರಿಯಬೇಕಿಲ್ಲ, 6500 ಕೆಲ್ವಿನ್‌ನ (ಹಗಲಿನಂಥ ಬಿಳಿ ಬೆಳಕಿನ ಗುರುತು ಅದು) ಮಾಮೂಲಿ ಬಿಳಿ ಎಲ್‌ಇಡಿ ಟ್ಯೂಬ್ ಸಾಕು. ಆದರೆ ಅದು ಹತ್ತಿರವಿರಲಿ: ಎಲೆಯ ತುದಿಯಿಂದ 8–10 ಸೆಂ.ಮೀ. ಮೇಲೆ. ಸರಪಳಿಯಲ್ಲಿ ತೂಗುಹಾಕಿದರೆ ಸಸಿ ಬೆಳೆದಂತೆ ಏರಿಸಬಹುದು. ದಿನಕ್ಕೆ 16 ಗಂಟೆ ಉರಿಯಲಿ. ಆನ್–ಆಫ್ ಕೆಲಸ ಟೈಮರಿಗೆ ಬಿಡಿ.

ಅರ್ಧದಷ್ಟು ಮೊಳೆತ ಮೇಲೆ ಮುಚ್ಚಳ ತೆಗೆಯಿರಿ. ನಾನೊಮ್ಮೆ ಇನ್ನೆರಡು ದಿನವಿರಲಿ ಎಂದು ಬಿಟ್ಟೆ. ಮೂರನೇ ಬೆಳಿಗ್ಗೆ ಸಸಿಗಳು ಬುಡದಲ್ಲಿ ದಾರದಂತೆ ಸೊರಗಿ ಸಾಲಾಗಿ ಮಲಗಿದ್ದವು. ನೆಲಮಟ್ಟದಲ್ಲಿ ಕೊಳೆಸುವ ಶಿಲೀಂಧ್ರದ ಕೆಲಸ ಅದು, ಆಮೇಲೆ ಮದ್ದಿಲ್ಲ. ಮೇಲಿನಿಂದ ನೀರು ಹನಿಸದೆ ಟ್ರೇಯನ್ನೇ ನೀರಲ್ಲಿಟ್ಟು ಕೆಳಗಿನಿಂದ ಹೀರಲು ಬಿಡಿ, ಹೆಚ್ಚಾದದ್ದನ್ನು ಬಸಿಯಿರಿ. ಸಣ್ಣ ಫ್ಯಾನ್ ಮೆಲ್ಲಗೆ ತಿರುಗುತ್ತಿದ್ದರೆ ಇನ್ನೂ ಒಳ್ಳೆಯದು. ಹುಲ್ಲಿನೆಳೆಯಂಥ ಮೊಳಕೆಯ ನಂತರ ನಿಜವಾದ ಎಲೆ ಬಂದ ಮೇಲೆ ದ್ರವಗೊಬ್ಬರವನ್ನು ಡಬ್ಬಿಯ ಮೇಲೆ ಹೇಳಿದ್ದರ ಕಾಲು ಪ್ರಮಾಣದಲ್ಲಿ ಕೊಡಿ.

ಅಚ್ಚ ಬಿಳಿ ಸಸಿಗಳಲ್ಲಿ ಹಸಿರಿನಂಶವಿಲ್ಲ, ಬದುಕುವುದಿಲ್ಲ. ಉಳಿದವನ್ನು ಆರಿಸಲು ಆತುರ ಬೇಡ, ಹಸಿರಾಗಿ ಹುಟ್ಟಿ ತಿಂಗಳ ಮೇಲೆ ಹಳದಿಗೆ ತಿರುಗುವವೂ ಇವೆ. ಪಟ್ಟೆ ಎಲೆ ಬೇಕಿದ್ದರೆ ಗೀರುಗೀರಾದ ಎಲೆಯ ತಾಯಿಯಿಂದಲೇ ಬೀಜ ತೆಗೆಯಬೇಕು, ಆ ಗುಣ ತಾಯಿಯ ಕಡೆಯಿಂದ ಬರುವಂಥದ್ದು.

ಎರಡು ಮೂರು ಎಲೆಯಾದಾಗ ಒಂದೊಂದನ್ನೇ ಪುಟ್ಟ ಕುಂಡಕ್ಕೆ ದಾಟಿಸಿ. ಹೊರಗಿಡುವಾಗ ಮೊದಲ ವಾರ ನೆರಳಿನಲ್ಲಿ, ದಿನಕ್ಕೆ ಕೆಲವೇ ಗಂಟೆ. ಬಸವನಹುಳುವಿಗೆ ಹೋಸ್ಟಾ ಎಂದರೆ ಪಂಚಪ್ರಾಣ. ಎಳೆ ಸಸಿಯನ್ನು ಒಂದೇ ರಾತ್ರಿಯಲ್ಲಿ ಬೋಳಿಸುತ್ತದೆ. ಹಾಗಾಗಿ ಮೊದಲ ವರ್ಷ ನೆಲಕ್ಕಿಳಿಸದೆ ಕುಂಡವನ್ನು ಎತ್ತರದಲ್ಲೇ ಇಡಿ.