ಉಂಡ ಮೇಲೆ ಪದೇ ಪದೇ ವಾಂತಿ ಮಾಡುವ ಬೆಕ್ಕಿನ ಆರೈಕೆ

ಬೆಕ್ಕು ತಿಂದದ್ದನ್ನು ಕಕ್ಕಿದರೆ ಜಗಲಿಯನ್ನು ಒರೆಸಿ, ಹುಲ್ಲು ತಿಂದಿರಬೇಕು ಎಂದು ಸುಮ್ಮನಾಗುವುದು ಮಲೆನಾಡಿನ ಮನೆಗಳಲ್ಲಿ ರೂಢಿ. ಅಪರೂಪಕ್ಕೊಮ್ಮೆ ಕೂದಲುಂಡೆಯೋ ಗರಿಕೆಯೋ ಹೊರಬಂದು, ಬೆಕ್ಕು ಕೂಡಲೇ ಲವಲವಿಕೆಯಿಂದ ಓಡಾಡಿಕೊಂಡಿದ್ದರೆ ಆ ರೂಢಿಯಲ್ಲಿ ತಪ್ಪೇನೂ ಇಲ್ಲ. ಆದರೆ ವಾರಕ್ಕೊಮ್ಮೆ ಅಥವಾ ಅದಕ್ಕಿಂತ ಹೆಚ್ಚಾಗಿ, ಅದೂ ಉಂಡ ಮೇಲೆಯೇ ಕಕ್ಕುತ್ತಿದ್ದರೆ ಕಾರಣವನ್ನು ಹುಡುಕಲೇಬೇಕು. ಔಷಧಿಯ ಯೋಚನೆಗೆ ಮೊದಲು, ಉಂಡು ಎಷ್ಟು ಹೊತ್ತಿಗೆ ಕಕ್ಕಿತು, ಹೇಗೆ ಕಕ್ಕಿತು ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳಬೇಕು.

ಉಂಡ ಕೆಲವೇ ನಿಮಿಷಗಳಲ್ಲಿ, ಓಕರಿಕೆಯಿಲ್ಲದೆ, ತಲೆ ತಗ್ಗಿಸಿದ ತಕ್ಷಣ ಆಹಾರವು ತಿಂದಂತೆಯೇ, ಕೆಲವೊಮ್ಮೆ ಕೊಳವೆಯ ಆಕಾರದಲ್ಲಿ ಹೊರಬಿದ್ದರೆ, ಅದು ಜಠರವನ್ನು ತಲುಪದೆ ಅನ್ನನಾಳದಿಂದಲೇ ಮರಳಿದೆ ಎಂದು ಊಹಿಸಬಹುದು. ಬೆಕ್ಕು ಜೊಲ್ಲು ಸುರಿಸಿ, ತುಟಿ ನೆಕ್ಕಿಕೊಂಡು, ಹೊಟ್ಟೆಯನ್ನು ಹಿಂಡಿ, ಅರ್ಧ ಜೀರ್ಣವಾದ ಆಹಾರವನ್ನೋ ಹಳದಿ ಪಿತ್ತವನ್ನೋ ಹೊರಹಾಕಿದರೆ ಅದು ನಿಜವಾದ ವಾಂತಿ. ಕುತ್ತಿಗೆಯನ್ನು ಮುಂದಕ್ಕೆ ಚಾಚಿ, ನೆಲಕ್ಕೆ ತಗ್ಗಿ ಕುಳಿತು ಕೆಮ್ಮಿದರೂ ಏನೂ ಹೊರಬಾರದಿದ್ದರೆ ತೊಂದರೆ ಉಬ್ಬಸದ್ದೂ ಇರಬಹುದು. ಈ ಮೂರನ್ನೂ ಮಾತಿನಲ್ಲಿ ವಿವರಿಸುವುದು ಕಷ್ಟವಾದ್ದರಿಂದ ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟುಕೊಂಡರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ.

ಉಂಡ ಕೂಡಲೇ ಕಕ್ಕುವ ಬೆಕ್ಕುಗಳಲ್ಲಿ ಹಲವಕ್ಕೆ ರೋಗಕ್ಕಿಂತ ಆತುರವೇ ಕಾರಣ. ಎರಡು ಮೂರು ಬೆಕ್ಕುಗಳಿರುವ ಮನೆಯಲ್ಲಿ, ಇಲ್ಲವೇ ನಾಯಿ ಕಾದು ಕುಳಿತಿರುವ ಹಿತ್ತಿಲಿನಲ್ಲಿ, ಬೆಕ್ಕು ಗಬಗಬನೆ ನುಂಗುತ್ತದೆ. ಅಂಥ ಬೆಕ್ಕಿಗೆ ಬೇರೆ ಕೋಣೆಯಲ್ಲಿ, ದಿನದ ಆಹಾರವನ್ನು ನಾಲ್ಕೈದು ಸಣ್ಣ ಪಾಲುಗಳಾಗಿ ಹಂಚಿ ಕೊಡಬೇಕು. ಅಂಗಡಿಯಲ್ಲಿ ಸಿಗುವ, ನಿಧಾನವಾಗಿ ತಿನ್ನಿಸುವ ಬಟ್ಟಲಿಗೆ ಹಣ ಸುರಿಯಬೇಕಾಗಿಲ್ಲ. ಬಳಸದೆ ಬಿಟ್ಟ ಹಳೆಯ ಇಡ್ಲಿ ತಟ್ಟೆಯ ಒಂದೊಂದು ಕುಳಿಗೆ ಸ್ವಲ್ಪ ಸ್ವಲ್ಪ ಆಹಾರವನ್ನು ಹಾಕಿಟ್ಟರೆ ಬೆಕ್ಕು ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಲೇಬೇಕಾಗುತ್ತದೆ. ಇಷ್ಟು ಮಾಡಿಯೂ ಒಂದೆರಡು ವಾರದಲ್ಲಿ ಸುಧಾರಿಸದಿದ್ದರೆ ಅನ್ನನಾಳದ ಎಕ್ಸ್‌ರೇ ಪರೀಕ್ಷೆ ಬೇಕಾಗಬಹುದು.

ಮುಂದಿನ ಪ್ರಶ್ನೆ ಆಹಾರದ್ದು. ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಕಡಿಮೆಯಾಗುವುದರಿಂದ ನಿತ್ಯದ ಹಾಲನ್ನವನ್ನು ಮೊದಲು ನಿಲ್ಲಿಸಿ ನೋಡುವುದು ಒಳಿತು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರನ್ನು ಕಲಸಿದ ಅನ್ನವಂತೂ ಬೆಕ್ಕಿಗೆ ಸಲ್ಲದು. ಅವೆರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಸ್ಯಾಹಾರಿಗಳ ಮನೆಯಲ್ಲಿ ಬೆಳೆದರೂ ಬೆಕ್ಕು ಮಾಂಸಾಹಾರಿಯೇ ಆಗಿರುವುದರಿಂದ, ಮೊಸರನ್ನದಲ್ಲಿ ಸಿಗದ ಟಾರಿನ್ ಎಂಬ ಅಂಶ ಅದರ ಕಣ್ಣಿಗೂ ಹೃದಯಕ್ಕೂ ಬೇಕೇ ಬೇಕು. ಆಹಾರವನ್ನು ಬದಲಿಸುವಾಗ ಹಳೆಯದರೊಡನೆ ಹೊಸದನ್ನು ಬೆರೆಸುತ್ತಾ 7ರಿಂದ 10 ದಿನಗಳಲ್ಲಿ ಬದಲಿಸಬೇಕು. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಒಣ ಆಹಾರದ ಚೀಲವು ಬಹುಬೇಗ ಬೂಷ್ಟು ಹಿಡಿಯುವುದರಿಂದ ಸಣ್ಣ ಪೊಟ್ಟಣಗಳನ್ನೇ ತಂದು ಬಿಗಿಮುಚ್ಚಳದ ಡಬ್ಬಿಯಲ್ಲಿಡುವುದು ಲೇಸು.

ನಮ್ಮ ಕಡೆಯ ಬೆಕ್ಕುಗಳು ಮನೆಯ ಊಟಕ್ಕಷ್ಟೇ ಕಟ್ಟುಬಿದ್ದವಲ್ಲ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿರುತ್ತದೆ. ಅದು ಹೊಟ್ಟೆ ಸೇರಿದರೆ ವಾಂತಿ ತರಿಸುವಂಥದ್ದು. ದ್ರಾವಣ ಚೆಲ್ಲಿದ ನೆಲದಲ್ಲಿ ಓಡಾಡಿದ ಬೆಕ್ಕು ಪಾದವನ್ನು ನೆಕ್ಕಿಕೊಳ್ಳುವ ಮೊದಲೇ ಅದರ ಕಾಲುಗಳನ್ನು ತೊಳೆದು, ಸಿಂಪಡಣೆಯ ದಿನ ಅದನ್ನು ಒಳಗೇ ಕೂಡಿಹಾಕುವುದು ಒಳ್ಳೆಯದು. ಬಟ್ಟೆಯ ಪೆಟ್ಟಿಗೆಯ ನುಸಿಗುಳಿಗೆ, ಅಟ್ಟದ ಮೇಲಿಟ್ಟ ಇಲಿಪಾಷಾಣ, ಗೌರಿಹೂವಿನ ಗಿಡ ಇವೂ ವಿಷವೇ. ಹೂ ಕಟ್ಟುವ ದಾರ ಅಥವಾ ಬಾಳೆನಾರನ್ನು ನುಂಗಿದ ಬೆಕ್ಕಿನ ಬಾಯಿಯಿಂದಲೋ ಗುದದಿಂದಲೋ ಎಳೆ ಇಣುಕಿದರೆ ಎಳೆಯಲೇಬಾರದು. ಒಳಗೆ ಬಿಗಿದ ದಾರ ಕರುಳನ್ನು ಸೀಳಬಲ್ಲದು.

ಇಲಿ ಹಿಡಿಯುವ ಬೆಕ್ಕಿಗೆ ಜಂತುಹುಳು ತಪ್ಪಿದ್ದಲ್ಲ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ತೂಕಕ್ಕೆ ತಕ್ಕಂತೆ, ಬೆಕ್ಕಿಗೆಂದೇ ಇರುವ ಔಷಧಿಯನ್ನು ವೈದ್ಯರನ್ನು ಕೇಳಿ ಕೊಡಬೇಕು. ಕೂದಲುಂಡೆ ಪದೇ ಪದೇ ಬಂದರೆ ದಿನವೂ ಮೈ ಬಾಚಬೇಕು.

ಒಂದು ಸಲ ಕಕ್ಕಿ ಚುರುಕಾಗಿಯೇ ಇರುವ ಬೆಳೆದ ಬೆಕ್ಕಿಗೆ ಕೆಲವು ಗಂಟೆ ಆಹಾರ ಕೊಡದೆ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ಆಮೇಲೆ ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿಮಾಂಸವನ್ನು ಒಂದೆರಡು ಚಮಚದಷ್ಟು ಕೊಡಬಹುದು. ಮರಿಗಳನ್ನು ಹೀಗೆ ಉಪವಾಸ ಕೆಡವಬಾರದು. ಮನುಷ್ಯರ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣವನ್ನೇ ತೆಗೆಯುತ್ತದೆ. ವಿಷ ತಿಂದಿದೆಯೆಂದು ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿಯನ್ನೂ ಕೈಬಿಡಬೇಕು.

ಒಂದೇ ದಿನದಲ್ಲಿ ಹಲವು ಬಾರಿ ವಾಂತಿಯಾದರೆ, ರಕ್ತ ಕಂಡರೆ, ನೀರೂ ದಕ್ಕದಿದ್ದರೆ, ವಸಡು ಹಳದಿಯಾದರೆ ಅಥವಾ 24 ಗಂಟೆ ಏನನ್ನೂ ಮುಟ್ಟದಿದ್ದರೆ ಕಾಯುವಂತಿಲ್ಲ. ಉಣ್ಣದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಹೊಸ ಅಪಾಯ ಹುಟ್ಟುತ್ತದೆ. ಗಂಡು ಬೆಕ್ಕು ತಿಣುಕುತ್ತಾ ಕುಳಿತರೂ ಮೂತ್ರ ಬಾರದೆ ವಾಂತಿ ಮಾಡಿದರೆ ಮೂತ್ರನಾಳ ಕಟ್ಟಿದೆಯೆಂದು ಶಂಕಿಸಿ ಅದೇ ಗಳಿಗೆಯಲ್ಲಿ ಹೊರಡಬೇಕು. ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಸೌಲಭ್ಯ ಸಾಲದಿದ್ದರೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ತೀರ್ಥಹಳ್ಳಿ, ಹೊಸನಗರದ ಕಡೆಯವರು ದಾರಿಯ ಹೊತ್ತನ್ನೂ ಲೆಕ್ಕ ಹಾಕಿ ಬೇಗ ಹೊರಡುವುದು ಲೇಸು.

10 ವರ್ಷ ದಾಟಿದ ಬೆಕ್ಕಿನ ವಾಂತಿಯನ್ನು ಮುಪ್ಪಿನ ತಲೆಗೆ ಕಟ್ಟಬಾರದು. ಅಡಿಕೆ ತೂಗುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಬುಟ್ಟಿಯ ಸಮೇತ ತೂಗಿ, ಬುಟ್ಟಿಯ ತೂಕ ಕಳೆದು ಗುರುತಿಟ್ಟುಕೊಂಡರೆ, 4 ಕಿಲೋ ಬೆಕ್ಕು 400 ಗ್ರಾಂ ಇಳಿದದ್ದೂ ತಿಳಿಯುತ್ತದೆ. ಅದು ಸಣ್ಣ ಇಳಿಕೆಯಲ್ಲ. ಚೆನ್ನಾಗಿ ತಿಂದೂ ಸೊರಗುವ ಮುದಿ ಬೆಕ್ಕಿನಲ್ಲಿ ಥೈರಾಯ್ಡ್ ಗ್ರಂಥಿಯ ಅತಿಸ್ರಾವವನ್ನೂ, ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುವ ಬೆಕ್ಕಿನಲ್ಲಿ ಮೂತ್ರಪಿಂಡದ ರೋಗವನ್ನೂ ರಕ್ತಪರೀಕ್ಷೆಯಿಂದ ಕಂಡುಹಿಡಿಯಬಹುದು. ಮೊದಲನೆಯದಕ್ಕೆ ಮಾತ್ರೆಯಿದೆ, ಎರಡನೆಯದನ್ನು ಪಥ್ಯದಿಂದ ಬಹುಕಾಲ ಹತೋಟಿಯಲ್ಲಿಡಬಹುದು.